ಸೋಮವಾರ ಒಬ್ಬರು, ಗುರುವಾರ ಒಬ್ಬರು

ಅವರು ಆ ನಾಯಿಯನ್ನು ತರಕಾರಿ ಬುಟ್ಟಿಯಲ್ಲಿ ಕೂರಿಸಿ, ಮೇಲೊಂದು ಟವೆಲು ಹೊದಿಸಿ, ಸ್ಕೂಟರಿನಲ್ಲಿ ತಂದಿದ್ದರು. ಎರಡು ಸಾವಿರದ ಮೂರನೇ ಇಸವಿಯ ಏಪ್ರಿಲ್ ತಿಂಗಳು, ಸೋಮವಾರ, ಹನ್ನೊಂದು ಗಂಟೆಯ ಬಿಸಿಲು. ಅವರ ಹೆಸರು ಷಣ್ಮುಖಪ್ಪ, ಶಿವಮೊಗ್ಗದ ವಿನೋಬನಗರದಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇದೆ ಎಂದೆಲ್ಲ ದುರ್ಗಮ್ಮನಿಗೆ ಗೊತ್ತಾದದ್ದು ಆಮೇಲೆ. ಅವತ್ತು ಅವರು ಬೇರೆ ಹೆಸರು ಹೇಳಿದರು.

"ಬಸ್ ಸ್ಟ್ಯಾಂಡ್ ಹತ್ರ ಸಿಕ್ತು. ಯಾರೋ ಬಿಟ್ಟು ಹೋಗಿದಾರೆ. ಪಾಪ ಅನ್ನಿಸ್ತು, ತಂದೆ."

ದುರ್ಗಮ್ಮ ಟವೆಲು ಸರಿಸಿ ನೋಡಿದಳು. ಬಿಳಿ ಪಾಮರೇನಿಯನ್. ಮುದಿಯಾಗಿತ್ತು. ಒಂದು ಕಣ್ಣು ಹಾಲು ಕಟ್ಟಿದಂತೆ ಮಸುಕಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದ ನಾಯಿಯ ಮೈಗೆ ಲೈಫ್‌ಬಾಯ್ ಸೋಪಿನ ವಾಸನೆ ಇರುವುದಿಲ್ಲ. ಬುಟ್ಟಿಯಿಂದ ಇಳಿಸಿದ ಕೂಡಲೇ ಅದು ಓಡಿ ಹೋಗಿ ಅವರ ಎರಡೂ ಕಾಲುಗಳ ನಡುವೆ ನಿಂತುಕೊಂಡು, ಅಲ್ಲಿಂದ ಇವಳನ್ನು ನೋಡಿತು.

ರಿಜಿಸ್ಟರಿನಲ್ಲಿ ತಂದವರೇ ಹೆಸರು ವಿಳಾಸ ಬರೆಯಬೇಕು ಎಂಬ ನಿಯಮ. ಅವರು ಪೆನ್ನು ತೆಗೆದುಕೊಂಡು, ಸ್ವಲ್ಪ ಹೊತ್ತು ಯೋಚಿಸಿ, 'ಮಲ್ಲಿಕಾರ್ಜುನ, ಭದ್ರಾವತಿ' ಎಂದು ಬರೆದರು.

"ಭದ್ರಾವತೀಲಿ ಎಲ್ಲಿ ಸಾರ್? ನಾನೂ ಅಲ್ಲೇ, ಕಾಗದನಗರ."

"ಅಲ್ಲೇ... ಸ್ಟೇಷನ್ ಕಡೆ." ನಾಯಿ ಅವರ ಪ್ಯಾಂಟಿಗೆ ಮುಂಗಾಲು ಹಾಕಿ ಹತ್ತಲು ನೋಡುತ್ತಿತ್ತು. "ಸುಮ್ನಿರು ಪಿಂಟು" ಎಂದುಬಿಟ್ಟರು. ಅಂದ ಮೇಲೆ ಅವರಿಗೇ ತಿಳಿಯಿತು. ಕಿವಿ ಕೆಂಪಾಯಿತು.

ದುರ್ಗಮ್ಮ ಕೇಳಿಸದವಳಂತೆ ರಿಜಿಸ್ಟರು ಮುಚ್ಚಿದಳು.

ಹೊಳಲೂರು ರಸ್ತೆಯಲ್ಲಿ ನಿಂತುಹೋದ ಒಂದು ಅವಲಕ್ಕಿ ಮಿಲ್ಲಿನ ಶೆಡ್ಡು ಅದು. ಊರಿನ ಕೆಲವರು ಸೇರಿ ಟ್ರಸ್ಟು ಮಾಡಿ, ದಿಕ್ಕಿಲ್ಲದ ಪ್ರಾಣಿಗಳಿಗೆಂದು ಬಾಡಿಗೆಗೆ ಹಿಡಿದಿದ್ದರು. ನೋಡಿಕೊಳ್ಳುತ್ತಿದ್ದವರು ಗೋವಿಂದಯ್ಯ. ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದು ರಿಟೈರ್ ಆದವರು. ದುರ್ಗಮ್ಮ ಮೊದಲು ಭದ್ರಾವತಿಯ ಕಾಗದದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡಿಗೆಗೆ ಇದ್ದಳು. ಗಂಡ ತೀರಿಕೊಂಡ ಮೇಲೆ ಆ ಕೆಲಸವೂ ಹೋಗಿ ಇಲ್ಲಿಗೆ ಬಂದಳು. ಇನ್ನೂರು ಜನರಿಗೆ ಸಾಂಬಾರು ಮಾಡಿದ ಕೈಗೆ ಮೂವತ್ತು ನಾಯಿಗಳ ಗಂಜಿ ದೊಡ್ಡದಾಗಿರಲಿಲ್ಲ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಭದ್ರಾವತಿ ಬಿಡುವುದು, ಶಿವಮೊಗ್ಗದಲ್ಲಿ ಇಳಿದು ಹೊಳಲೂರಿನ ಬಸ್ಸು ಹಿಡಿಯುವುದು, ಬಂದ ಕೂಡಲೇ ಶೆಡ್ಡು ತೊಳೆಯುವುದು, ನುಚ್ಚಕ್ಕಿಗೆ ಕೋಳಿ ಅಂಗಡಿಯ ಚೂರುಪಾರು ಹಾಕಿ ಬೇಯಿಸುವುದು. ಐದು ವರ್ಷದಲ್ಲಿ ಸೊಂಟ ಹೋಗಿತ್ತು. "ನಿನ್ನ ಸೀರೆ ಎಷ್ಟು ಒಗೆದ್ರೂ ನಾಯಿ ವಾಸನೆ ಹೋಗಲ್ಲ ಕಣಮ್ಮ, ಬಿಟ್ಟುಬಿಡು" ಎಂದು ಮಗಳು ಮೈತ್ರಿ ದಿನವೂ ಹೇಳುತ್ತಿದ್ದಳು. ಬಿಟ್ಟರೆ ಏನು ಮಾಡುವುದು ಎಂಬುದನ್ನು ಮಾತ್ರ ಅವಳೂ ಹೇಳುತ್ತಿರಲಿಲ್ಲ.

ನಾಯಿ ತರುವವರಲ್ಲಿ ಅರ್ಧಕ್ಕರ್ಧ ಜನ ತಮ್ಮದೇ ನಾಯಿಯನ್ನು ತರುತ್ತಾರೆ, ಬೀದಿಯಲ್ಲಿ ಸಿಕ್ಕಿತು ಎನ್ನುತ್ತಾರೆ ಎಂದು ದುರ್ಗಮ್ಮನಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ಕ್ವಾರ್ಟರ್ಸ್ ಖಾಲಿ ಮಾಡುವವರು, ಬಾಡಿಗೆ ಮನೆಯವರು, ಮಗು ಹುಟ್ಟಿದವರು. ಆಗ ಅವಳಿಗೆ ಸಿಟ್ಟು ಬರುತ್ತಿತ್ತು. ಕಾಲು ಮುರಿದ ಅಲ್ಸೇಷನ್ ತಂದ ಒಬ್ಬನನ್ನು ಗೇಟಿನಲ್ಲೇ ನಿಲ್ಲಿಸಿ, "ನಿಮ್ಮ ನಾಯಿ ಅಂತ ಹೇಳೋಕೆ ನಾಚಿಕೆಯಾ?" ಎಂದು ಬೈದಿದ್ದಳು. ಅವನು ನಾಯಿಯನ್ನು ವಾಪಸ್ ಕರೆದುಕೊಂಡು ಹೋದ. ಐದು ದಿನದ ಮೇಲೆ ಹೊಳಲೂರಿನ ಹತ್ತಿರ ಒಂದು ಪಂಪ್‌ಹೌಸಿನ ಹಿಂದೆ, ಕಂಬಕ್ಕೆ ಕಟ್ಟಿಹಾಕಿದ ಹಾಗೆಯೇ ಅದು ಸಿಕ್ಕಿತು. ನೀರಿನ ಸದ್ದು ಕೇಳುವಷ್ಟು ದೂರದಲ್ಲಿ ನೀರಿಲ್ಲದೆ ಸತ್ತಿತ್ತು.

ಗೋವಿಂದಯ್ಯ ಬಯ್ಯಲಿಲ್ಲ. "ಸುಳ್ಳು ಹೇಳಿದ್ರೂ ಇಲ್ಲಿಗೆ ತಂದಿದ್ರಲ್ಲ ಮಾರಾಯ್ತಿ" ಎಂದಷ್ಟೇ ಹೇಳಿ, ಗುಂಡಿ ತೋಡಲು ಹಾರೆ ತಂದರು. ಅವತ್ತಿನಿಂದ ದುರ್ಗಮ್ಮ ಗೇಟಿನಲ್ಲಿ ನಾಯಿ ಯಾರದೆಂದು ಯಾರನ್ನೂ ಕೇಳಿರಲಿಲ್ಲ.

ಪಿಂಟು ಮೂರು ದಿನ ಏನೂ ತಿನ್ನಲಿಲ್ಲ. ಬೇರೆ ನಾಯಿಗಳ ಜತೆ ಬಿಟ್ಟರೆ ಗೋಡೆಗೆ ಒತ್ತಿಕೊಂಡು ನಡುಗುತ್ತಿತ್ತು. ದುರ್ಗಮ್ಮ ಅದನ್ನು ಹಿಂದಿನ ಕೋಣೆಗೆ ಹಾಕಿದಳು. ಅಲ್ಲಿ ಲಾರಿ ಬಡಿದು ಹಿಂಗಾಲು ಕಳೆದುಕೊಂಡ ಒಂದು ಮೇಕೆ ಇತ್ತು. ಅದರ ತಂಟೆ ಯಾರಿಗೂ ಇರಲಿಲ್ಲ. ಪಿಂಟು ಮೇಕೆಯಿಂದ ದೂರ, ಬಾಗಿಲ ಸಂದಿಗೆ ಮೂಗಿಟ್ಟುಕೊಂಡು ಮಲಗಿತು. ಗಂಜಿಯ ತಟ್ಟೆ ಮುಂದಿಟ್ಟರೆ ಮೂಸಿ ಮುಖ ತಿರುಗಿಸುತ್ತಿತ್ತು. ನಾಲ್ಕನೇ ದಿನ ದುರ್ಗಮ್ಮನಿಗೆ, ತಂದವರ ಹಣೆಯ ವಿಭೂತಿ ನೆನಪಿಗೆ ಬಂತು. ಮಾಂಸದ ವಾಸನೆಯನ್ನೇ ಕಾಣದ ನಾಯಿ ಇದು ಎಂದು ಹೊಳೆಯಿತು. ತನ್ನ ಡಬ್ಬಿಯ ಮೊಸರನ್ನವನ್ನು ಒಂದು ಹಿಡಿ ಕಲಸಿ ಹಿಡಿದಳು. ಅದು ಬೆರಳು ಸಮೇತ ನೆಕ್ಕಿತು.

"ಇವನಿಗೆ ಬೇರೆ ಅಡಿಗೆ ಆಗ್ಬೇಕಂತೆ ಸಾರ್" ಎಂದು ಗೋವಿಂದಯ್ಯನಿಗೆ ಹೇಳಿದಳು.

"ಮಠದ ಸ್ವಾಮಿಗಳು ಬಂದಿದಾರೆ ಅಂದ್ಕೊ" ಎಂದರು ಅವರು.

ಮುಂದಿನ ಸೋಮವಾರ ಅದೇ ಸ್ಕೂಟರು ಗೇಟಿನ ಮುಂದೆ ನಿಂತಿತು. "ಸುಮ್ನೆ ಈ ಕಡೆ ಸೈಟಿಗೆ ಬಂದಿದ್ದೆ" ಎಂದರು ಷಣ್ಮುಖಪ್ಪ. ಕೈಯಲ್ಲಿ ಗ್ಲೂಕೋಸ್ ಬಿಸ್ಕತ್ತಿನ ಪ್ಯಾಕೆಟ್ಟು. ಸ್ಕೂಟರಿನ ಸದ್ದಿಗೇ ಪಿಂಟು ಒಳಗೆ ಬಾಗಿಲು ಕೆರೆಯಲು ಶುರುಮಾಡಿತ್ತು. ಬಿಟ್ಟ ಕೂಡಲೇ ಓಡಿ ಬಂದು, ಅವರ ಸುತ್ತ ಸುತ್ತಿ, ಮುದಿ ಕಾಲು ಜಾರಿ ಬಿದ್ದು, ಎದ್ದು ಮತ್ತೆ ಸುತ್ತಿತು. ಅವರು ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ಮುರಿದು ಮುರಿದು ಕೊಟ್ಟರು. ಅರ್ಧ ಗಂಟೆ ಆದ ಮೇಲೆ, ಅದನ್ನು ದುರ್ಗಮ್ಮನ ಕೈಗೆ ಕೊಟ್ಟು, ಹಿಂದೆ ನೋಡದೆ ಹೋದರು. ಅದು ಸಂಜೆಯ ತನಕ ಕೂಗಿತು.

ಆಮೇಲೆ ಪ್ರತಿ ಸೋಮವಾರ ಬಂದರು. ಅವರ ಅಂಗಡಿಗೆ ಅವತ್ತು ರಜೆ. ಮೂರನೇ ಸಲ ಬಂದಾಗ ತಾವಾಗಿಯೇ ಹೇಳಿದರು.

"ಇದು ನಮ್ಮದೇ ನಾಯಿ ಅಂತ ನಿಮಗೆ ಅವತ್ತೇ ಗೊತ್ತಾಯ್ತು, ಅಲ್ವಾ?"

"ಗೊತ್ತಾಯ್ತು ಸಾರ್."

"ಮಗಳು ಅಮೂಲ್ಯ ಹೆರಿಗೆಗೆ ಬರ್ತಾಳೆ, ಈ ಶನಿವಾರ. ಇದು ಎರಡು ವರ್ಷದಿಂದ ಕಂಡಲ್ಲೆಲ್ಲ ಉಚ್ಚೆ ಹೊಯ್ಯುತ್ತೆ. ನಮ್ಮನೆಯವರಿಗೆ ಮಂಡಿ ನೋವು, ಒರೆಸಿ ಒರೆಸಿ ಸಾಕಾಗಿದೆ. ಹಸುಗೂಸು ಇರೋ ಮನೇಲಿ ಹೆಂಗೆ ಇಟ್ಕೊಳ್ಳೋದು ಹೇಳಿ. ಅವಳಿಗೆ ಒಂಬತ್ತು ವರ್ಷ ಇದ್ದಾಗ ತಂದ ಮರಿ ಇದು. ಬಿಡ್ತೀನಿ ಅಂದಿದ್ರೆ ತಾಯಿ ಮಗಳು ಇಬ್ಬರೂ ಬಿಡ್ತಿರಲಿಲ್ಲ. ಗೇಟು ತೆಗೆದಿತ್ತು, ಓಡಿಹೋಯ್ತು ಅಂತ ಹೇಳಿದೀನಿ." ಅವರು ಕೈ ಒರೆಸಿಕೊಂಡರು. "ಯಾರಿಗೂ ಹೇಳ್ಬೇಡಿ ಅಮ್ಮ."

"ನಾನು ಯಾರಿಗೆ ಹೇಳ್ಲಿ ಸಾರ್" ಎಂದಳು ದುರ್ಗಮ್ಮ. ನಿಜವಾಗಿಯೂ ಹೇಳುವವರು ಯಾರೂ ಇರಲಿಲ್ಲ.

ಆದರೆ ಅದೇ ವಾರದ ಗುರುವಾರ, ಗೋವಿಂದಯ್ಯ ಔಷಧಿ ತರಲು ಪೇಟೆಗೆ ಹೋಗಿದ್ದಾಗ, ಆಟೋದಿಂದ ಒಬ್ಬರು ಹೆಂಗಸು ಇಳಿದರು. ಐವತ್ತು ದಾಟಿದ ವಯಸ್ಸು, ಮಂಡಿ ಹಿಡಿದುಕೊಂಡು ನಡೆಯುತ್ತಿದ್ದರು. ಕೈಯಲ್ಲಿ ಒಂದು ಫೋಟೋ: ಲಂಗ ತೊಟ್ಟ ಹುಡುಗಿ, ಮಡಿಲಲ್ಲಿ ಬಿಳಿ ನಾಯಿಮರಿ.

"ನನ್ನ ಹೆಸರು ಸುಭದ್ರಮ್ಮ ಅಂತ. ಈ ನಾಯಿ ಕಳೆದುಹೋಗಿ ತಿಂಗಳಾಗ್ತಾ ಬಂತು. ಈಗ ತುಂಬ ವಯಸ್ಸಾಗಿದೆ. ಇಲ್ಲಿಗೇನಾದ್ರೂ..."

ದುರ್ಗಮ್ಮ ಉತ್ತರ ಹುಡುಕುವ ಮೊದಲೇ ಹಿಂದಿನ ಕೋಣೆಯಿಂದ ಬಾಗಿಲು ಕೆರೆಯುವ ಸದ್ದು ಬಂತು. ಸುಭದ್ರಮ್ಮ ಆ ಕಡೆ ಹೋದರು. ಬಾಗಿಲು ತೆರೆದದ್ದು ಅವರೇ. ಮಂಡಿ ನೋವನ್ನು ಮರೆತು ನೆಲದ ಮೇಲೆಯೇ ಕೂತು ನಾಯಿಯನ್ನು ಎದೆಗೆ ಒತ್ತಿಕೊಂಡರು. "ಎಲ್ಲಿಗೆ ಹೋಗಿದ್ಯೋ, ಮುಂಡೇದೇ, ಎಲ್ಲಿಗೆ ಹೋಗಿದ್ಯೋ" ಎಂದು ಅತ್ತರು. ಮೇಕೆ ಎದ್ದು ಮೂಲೆಗೆ ಸರಿಯಿತು.

ಸ್ವಲ್ಪ ಸಮಾಧಾನವಾದ ಮೇಲೆ, "ಯಾರು ಪುಣ್ಯಾತ್ಮರು ತಂದ್ರು ಇದನ್ನ? ಅವರಿಗೆ ಒಂದು ಮಾತು ಹೇಳ್ಬೇಕಲ್ಲ" ಎಂದರು. ರಿಜಿಸ್ಟರು ಮೇಜಿನ ಮೇಲೇ ಇತ್ತು. ಸುಭದ್ರಮ್ಮ ಕನ್ನಡಕ ಹಾಕಿಕೊಂಡು ಹಾಳೆ ತಿರುವಿದರು. 'ಬಿಳಿ ಪಾಮರೇನಿಯನ್, ಗಂಡು' ಎಂಬಲ್ಲಿ ಬೆರಳು ನಿಂತಿತು. ಪಕ್ಕದ ಹೆಸರನ್ನು ಓದಿದರು. ಮತ್ತೊಮ್ಮೆ ಓದಿದರು. ಮೂವತ್ತು ವರ್ಷದಿಂದ ಅಂಗಡಿಯ ಬಿಲ್ಲುಗಳಲ್ಲಿ, ಮನೆಯ ಸಾಮಾನು ಚೀಟಿಗಳಲ್ಲಿ ನೋಡಿದ ಅಕ್ಷರ. ಹೆಸರು ಬದಲಾಯಿಸಿದ ಮಾತ್ರಕ್ಕೆ ಅಕ್ಷರ ಬದಲಾಗುತ್ತದೆಯೇ?

"ಇದು ನಮ್ಮನೆಯವರ ಬರಹ" ಎಂದರು.

ದುರ್ಗಮ್ಮ ಒಂದು ಲೋಟ ನೀರು ತಂದುಕೊಟ್ಟಳು. ಅವರು ಕುಡಿಯದೆ ಲೋಟ ಹಿಡಿದುಕೊಂಡು ಕೂತರು. ಹೊರಗೆ ಆಟೋದವನು ಹಾರ್ನ್ ಹೊಡೆದ.

"ಕರ್ಕೊಂಡು ಹೋಗ್ತೀರಾ ಅಮ್ಮ?"

"ಕರ್ಕೊಂಡು ಹೋದ್ರೆ ಅವರು ಯಾವ ಮುಖ ಇಟ್ಕೊಂಡು ನನ್ನ ಮುಂದೆ ಕೂತ್ಕೋತಾರೆ?" ಎಂದು ಕೇಳಿದರು ಸುಭದ್ರಮ್ಮ, ತಮ್ಮನ್ನೇ ಕೇಳಿಕೊಂಡಂತೆ. "ನಾಳಿದ್ದು ಅಮೂಲ್ಯ ಬರ್ತಾಳೆ. ಅವಳಿಗೆ ಗೊತ್ತಾದ್ರೆ ಅಪ್ಪನ ಹತ್ರ ಮಾತೇ ಬಿಡ್ತಾಳೆ. ತುಂಬಿದ ಬಸುರಿ..." ಆಮೇಲೆ ದನಿ ಇಳಿಸಿ ಹೇಳಿದರು: "ಒಂದು ದಿನ ನಾನೇ ಅಂದಿದ್ದೆ ಕಣ್ರೀ. ನೆಲ ಒರೆಸ್ತಾ ಒರೆಸ್ತಾ, ಈ ಪೀಡೆ ಎಲ್ಲಾದ್ರೂ ಹೋಗ್ಬಾರ್ದಾ ಅಂತ. ಅದನ್ನ ಕೇಳಿಸ್ಕೊಂಡೇ ಮಾಡಿರ್ತಾರೆ."

ಅವರು ಬರಿಗೈಯಲ್ಲೇ ಹೋದರು. ಹೋಗುವಾಗ, "ಇಲ್ಲೇ ಇರ್ಲಿ. ಗುರುವಾರ ಗುಡಿಗೆ ಅಂತ ಹೊರಡ್ತೀನಿ, ಬಂದು ನೋಡ್ಕೊಂಡು ಹೋಗ್ತೀನಿ. ಅವರು ಬಂದ್ರೆ ನಾನು ಬಂದಿದ್ದೆ ಅಂತ ಹೇಳ್ಬೇಡಿ" ಎಂದರು.

ಹೀಗೆ ಶುರುವಾಯಿತು. ಸೋಮವಾರ ಅವರು, ಗುರುವಾರ ಇವರು. ಅವರು ಬಿಸ್ಕತ್ತು, ಇವರು ಚಪಾತಿ. ಮಗಳು ಬಂದ ಸುದ್ದಿ, ಮಗು ಹುಟ್ಟಿದ ಸುದ್ದಿ, ಗಂಡು ಮಗು ಎಂಬ ಸುದ್ದಿ, ಎಲ್ಲವೂ ದುರ್ಗಮ್ಮನಿಗೆ ಎರಡೆರಡು ಸಲ ತಲುಪುತ್ತಿತ್ತು. ಎರಡು ಸಲವೂ ಅವಳು ಮೊದಲ ಸಲ ಕೇಳಿದವಳಂತೆ ಸಂತೋಷಪಡಬೇಕಿತ್ತು. ಅಮೂಲ್ಯ ಪಿಂಟುವಿಗಾಗಿ ಅಳುತ್ತಾಳೆ ಎಂದು ಇಬ್ಬರೂ ಹೇಳುತ್ತಿದ್ದರು. ಮನೆಯಲ್ಲಿ ಇಬ್ಬರೂ ಮಗಳನ್ನು ಒಟ್ಟಿಗೆ ಸಮಾಧಾನ ಮಾಡುತ್ತಿದ್ದರಂತೆ.

ದುರ್ಗಮ್ಮನಿಗೆ ಇದೆಲ್ಲ ಭಾರವಾಗತೊಡಗಿತು. ಜುಲೈ ಹೊತ್ತಿಗೆ ಶೆಡ್ಡಿನಲ್ಲಿ ನಲವತ್ತು ನಾಯಿಗಳಾಗಿದ್ದವು. ಮಳೆಗೆ ಅರ್ಧಕ್ಕೆ ಕಜ್ಜಿ ಹತ್ತಿತ್ತು. ಮರಿಗಳು ದಿನಕ್ಕೊಂದು ಸಾಯುತ್ತಿದ್ದವು. ಸತ್ತ ಮರಿಯನ್ನು ಗೋಣಿಯಲ್ಲಿ ಸುತ್ತಿಟ್ಟು ಬಂದು, ಕೈ ತೊಳೆದುಕೊಂಡು, ಷಣ್ಮುಖಪ್ಪನವರ ಮೊಮ್ಮಗನ ನಾಮಕರಣದ ಪೇಡ ತಿನ್ನಬೇಕಾಗಿ ಬಂದ ದಿನ ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಟ್ಟಳು.

ಅದಕ್ಕಿಂತ ಮುಖ್ಯವಾದದ್ದನ್ನು ಕಂಡುಹಿಡಿದವರು ಗೋವಿಂದಯ್ಯ. ಒಂದು ಶನಿವಾರ ಪಿಂಟುವನ್ನು ಎತ್ತಿ ತಕ್ಕಡಿಯ ಮೇಲಿಟ್ಟರು. ಏಪ್ರಿಲ್‌ನಲ್ಲಿ ಎಂಟು ಕೆಜಿ ಇದ್ದದ್ದು ಆರಕ್ಕೆ ಇಳಿದಿತ್ತು.

"ತಿಂತಾ ಇಲ್ವಾ ಇದು?"

ದುರ್ಗಮ್ಮ ಯೋಚಿಸಿ ಹೇಳಿದಳು. "ಸೋಮವಾರ ಅವರು ಬಂದು ಹೋದ್ರೆ ಮಂಗಳವಾರ ಪೂರ್ತಿ ತಿನ್ನಲ್ಲ ಸಾರ್. ಬುಧವಾರ ಸ್ವಲ್ಪ ಬಾಯಿ ಹಾಕುತ್ತೆ. ಗುರುವಾರ ಆಯಮ್ಮ ಬರ್ತಾರೆ. ಮತ್ತೆ ಶುಕ್ರವಾರ ಬಾಗಿಲ ಹತ್ರಾನೇ."

ಗೋವಿಂದಯ್ಯ ನಾಯಿಯ ಪಕ್ಕೆಲುಬುಗಳ ಮೇಲೆ ಬೆರಳಾಡಿಸಿದರು. "ವಾರಕ್ಕೆ ಎರಡು ಸಲ ಬಿಟ್ಟು ಹೋಗ್ತಿದಾರೆ ಇದನ್ನ. ಬೇರೆಯವನ್ನೆಲ್ಲ ಒಂದೇ ಸಲ ಬಿಟ್ಟು ಹೋದ್ರು. ಮರೆತವು, ಬದುಕಿದವು."

"ಏನ್ ಮಾಡೋಣ ಸಾರ್?"

"ನನಗೆ ಹೇಳೋಕೆ ಬರಲ್ಲ ಮಾರಾಯ್ತಿ. ಈ ಮಳೆಗಾಲಕ್ಕೆ ಶೆಡ್ಡಿನ ಮಾಡಿಗೆ ತಮ್ಮ ಅಂಗಡಿಯಿಂದ ಟ್ರಸ್ಟಿಗೆ ಶೀಟು ಕೊಡಿಸಿದವರು ಅವರು. ನೀನು ಬೇಕಾದ್ರೆ ಹೇಳು."

ಭಾನುವಾರ ಪೂರ್ತಿ ದುರ್ಗಮ್ಮ ಅದನ್ನೇ ತಲೆಯಲ್ಲಿಟ್ಟುಕೊಂಡಿದ್ದಳು. ಹೇಳಿದರೆ ಏನಾಗಬಹುದು ಎಂದು ಅವಳಿಗೆ ಗೊತ್ತಿತ್ತು. ಪಂಪ್‌ಹೌಸಿನ ಹಿಂದಿನ ಆ ಅಲ್ಸೇಷನ್ನು ಬಾಯಿ ತೆರೆದು ಮಲಗಿದ್ದ ರೀತಿ ಅವಳ ಕಣ್ಣಿಂದ ಹೋಗಿರಲಿಲ್ಲ. ಹೇಳದಿದ್ದರೂ ಏನಾಗುತ್ತದೆ ಎಂದು ತಕ್ಕಡಿ ಹೇಳಿತ್ತು.

ಸೋಮವಾರ ಷಣ್ಮುಖಪ್ಪ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತಿನ ಪ್ಯಾಕೆಟ್ಟು ಬಿಚ್ಚುವಾಗ ಅವಳು ಎದುರಿಗೆ ಬಂದು ನಿಂತಳು.

"ಸಾರ್, ಒಂದು ಮಾತು. ನೀವು ಬರೋದಾದ್ರೆ ಇವತ್ತೇ ಕರ್ಕೊಂಡು ಹೋಗಿ. ಇಲ್ಲಾಂದ್ರೆ ಇನ್ಮೇಲೆ ಬರಬೇಡಿ."

ಅವರ ಕೈ ನಿಂತಿತು. "ಏನಂದ್ರಿ?"

"ನೀವು ಹೋದ ಮೇಲೆ ಎರಡು ದಿನ ಇದು ಅನ್ನ ಮುಟ್ಟಲ್ಲ. ಎತ್ತಿ ನೋಡಿ, ಗಾಳಿ ಹಂಗೆ ಆಗಿದೆ. ನಿಮಗೆ ನೋಡಿದ್ರೆ ಸಮಾಧಾನ. ಇದಕ್ಕೆ ಅದೇ ಹಿಂಸೆ."

"ನೋಡೋಕೆ ಬಂದ್ರೆ ತಪ್ಪಾ? ಬಿಟ್ಟು ಹೋದವರು ಯಾರಾದ್ರೂ ತಿರುಗಿ ಬರ್ತಾರಾ ಇಲ್ಲಿಗೆ? ನಾನು ಬಂದಿದೀನಿ."

"ಬರ್ತೀರ ಸಾರ್. ಇಲ್ಲ ಅನ್ನಲ್ಲ. ನಿಮ್ಮ ಮನೆಯವರೂ ಬರ್ತಾರೆ, ಗುರುವಾರ ಗುರುವಾರ. ಎರಡು ತಿಂಗಳಿಂದ. ಇಬ್ಬರೂ ಹೇಳ್ಬೇಡಿ ಅಂದ್ರಿ, ಹೇಳಲಿಲ್ಲ. ಇನ್ನು ನನ್ನ ಕೈಲಾಗಲ್ಲ. ನನಗೆ ಇಲ್ಲಿ ನಲವತ್ತು ಅವೆ."

ನಾಯಿ ಷಣ್ಮುಖಪ್ಪನವರ ಮುಷ್ಟಿಯೊಳಗಿನ ಬಿಸ್ಕತ್ತಿಗೆ ಮೂಗು ತೂರಿಸುತ್ತಿತ್ತು. "ಅವಳಿಗೆ ಗೊತ್ತಾ?" ಎಂದಷ್ಟೇ ಕೇಳಿದರು. ಉತ್ತರಕ್ಕೆ ಕಾಯದೆ ಎದ್ದು, ಬಿಸ್ಕತ್ತನ್ನು ಮೆಟ್ಟಿಲ ಮೇಲಿಟ್ಟು ಹೊರಟರು. ಸ್ಕೂಟರು ಎರಡು ಕಿಕ್ಕಿಗೆ ಹತ್ತಲಿಲ್ಲ. ಮೂರನೆಯದಕ್ಕೆ ಹತ್ತಿತು.

ಆ ಗುರುವಾರ ಸುಭದ್ರಮ್ಮ ಬರಲಿಲ್ಲ. ಮುಂದಿನ ಸೋಮವಾರವೂ ಯಾರೂ ಬರಲಿಲ್ಲ. ಪಿಂಟು ಎರಡು ವಾರ ಬಾಗಿಲ ಸಂದಿಯನ್ನು ಬಿಡಲಿಲ್ಲ. ಸ್ಕೂಟರಿನ ಸದ್ದಾದರೆ ತಲೆ ಎತ್ತುತ್ತಿತ್ತು. ದುರ್ಗಮ್ಮ ಅದರ ಪಕ್ಕ ಕೂತು, ಬಾಯಿ ಬಿಡಿಸಿ ಮೊಸರನ್ನ ಹಾಕಿದಳು. ಅಷ್ಟಕ್ಕೆ ಬಿಡುವಿರಲಿಲ್ಲ, ಆದರೂ ಕೂತಳು. ಮೂರನೇ ವಾರ ಒಂದು ಬೆಳಿಗ್ಗೆ ನೋಡಿದರೆ ಅದು ಮೇಕೆಯ ಹೊಟ್ಟೆಗೆ ಬೆನ್ನು ಕೊಟ್ಟು ಮಲಗಿತ್ತು. ಚಳಿಗೆ ಇರಬೇಕು. ಆಮೇಲೆ ದಿನವೂ ಅಲ್ಲೇ. ಮೊಸರನ್ನ ಸಿಗದ ಒಂದು ದಿನ ಕೋಳಿ ಚೂರಿನ ಗಂಜಿಗೆ ಬಾಯಿ ಹಾಕಿತು. ತಟ್ಟೆ ನೆಕ್ಕಿ, ಪಕ್ಕದ ತಟ್ಟೆಯನ್ನೂ ನೋಡಿತು. ಸೆಪ್ಟೆಂಬರ್ ಹೊತ್ತಿಗೆ ಏಳೂವರೆ ಕೆಜಿ ಆಯಿತು. ಇನ್ನೊಂದು ಕಣ್ಣೂ ಮಸುಕಾಗುತ್ತ ಬಂತು. ಬಾಗಿಲ ಕಡೆ ಹೋಗುವುದನ್ನೇ ಬಿಟ್ಟಿತು.

ಇವನು ಇನ್ನು ಇಲ್ಲಿಯವನು ಎಂದುಕೊಂಡಳು ದುರ್ಗಮ್ಮ. ಹಾಗೆಂದುಕೊಂಡಾಗ ಅವಳಿಗೆ ಸಂತೋಷವೇನೂ ಆಗಲಿಲ್ಲ. ಒಂದು ಚಿಂತೆ ಕಡಿಮೆಯಾಯಿತು, ಅಷ್ಟೆ.

ದೀಪಾವಳಿ ಕಳೆದ ವಾರ ಗೇಟಿನ ಮುಂದೆ ಆಟೋ ನಿಂತಿತು. ಗಂಡ ಹೆಂಡತಿ ಇಬ್ಬರೂ ಇಳಿದರು. ಷಣ್ಮುಖಪ್ಪ ಗೇಟಿನ ಹತ್ತಿರವೇ ನಿಂತರು. ಸುಭದ್ರಮ್ಮ ಮುಂದೆ ಬಂದರು.

"ಅಮೂಲ್ಯ ಮೊನ್ನೆ ಮಗು ಕರ್ಕೊಂಡು ಗಂಡನ ಮನೆಗೆ ಹೋದ್ಲು. ಹೋಗೋ ದಿನ ಇವರು ಎಲ್ಲ ಹೇಳಿಬಿಟ್ರು ಅವಳಿಗೆ. ಅಲ್ಲಿ ತನಕ ಮನೇಲಿ ನಾವಿಬ್ಬರೂ ಸರಿಯಾಗಿ ಮಾತೇ ಆಡಿರಲಿಲ್ಲ." ಹಿಂದಿನ ಕೋಣೆಯ ಕಡೆ ನೋಡಿ ಕೇಳಿದರು. "ಇದೆಯಾ?"

"ಇದೆ ಅಮ್ಮ. ಬನ್ನಿ."

ಹಿಂದಿನ ಕೋಣೆಯಲ್ಲಿ ಪಿಂಟು ಮಲಗಿದ್ದಲ್ಲಿಂದ ತಲೆ ಎತ್ತಿತು. ಸುಭದ್ರಮ್ಮ ಹೆಸರು ಹಿಡಿದು ಕರೆದರು. ಅದು ನಿಧಾನವಾಗಿ ಎದ್ದು ಬಂದು, ಅವರ ಸೀರೆಯ ನೆರಿಗೆ ಮೂಸಿ, ಬಾಲ ಎರಡು ಸಲ ಆಡಿಸಿತು. ಓಡಲಿಲ್ಲ, ಸುತ್ತಲಿಲ್ಲ. ಅವರ ಕೈಯನ್ನು ಒಮ್ಮೆ ನೆಕ್ಕಿ, ತಿರುಗಿ ಹೋಗಿ ಮೇಕೆಯ ಪಕ್ಕ ಮಲಗಿತು.

ಸುಭದ್ರಮ್ಮ ಅಲ್ಲೇ ನಿಂತರು. "ಗುರುತು ಸಿಗಲಿಲ್ವಾ ಅದಕ್ಕೆ?"

"ಸಿಕ್ತು. ಬಾಲ ಆಡಿಸ್ತಲ್ಲ."

"ಕರ್ಕೊಂಡು ಹೋಗ್ಲಾ, ಇಲ್ಲೇ ಬಿಡ್ಲಾ? ನೀವೇ ಹೇಳಿ ದುರ್ಗಮ್ಮ. ನೀವು ಹೇಳಿದ ಹಾಗೆ ಮಾಡ್ತೀವಿ."

ದುರ್ಗಮ್ಮನಿಗೆ ಒಂದು ಗಳಿಗೆ ಅಲ್ಲೇ ನೆಲದ ಮೇಲೆ ಕೂತುಬಿಡೋಣ ಎನಿಸಿತು. "ನಾನು ಹೇಳಲ್ಲ ಅಮ್ಮ" ಎಂದಳು. "ಒಂದು ಸಲ ಹೇಳ್ದೆ. ಅದು ಸರೀನೋ ತಪ್ಪೋ ಇವತ್ತಿಗೂ ಗೊತ್ತಿಲ್ಲ ನನಗೆ. ನಾಯಿ ನಿಮ್ಮದು. ಅದಕ್ಕೆ ಕಣ್ಣು ಕಾಣಲ್ಲ, ಉಚ್ಚೆ ಮೊದಲಿಗಿಂತ ಜಾಸ್ತಿ. ಕರ್ಕೊಂಡು ಹೋದ್ರೆ ಮತ್ತೆ ವಾಪಸ್ ತರೋ ಹಾಗಿಲ್ಲ. ಅಷ್ಟು ಮಾತ್ರ ಹೇಳ್ತೀನಿ."

ಷಣ್ಮುಖಪ್ಪ ಯಾವಾಗ ಒಳಗೆ ಬಂದಿದ್ದರೋ. "ತರಲ್ಲ" ಎಂದರು. ಬಗ್ಗಿ, ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಅದು ಅವರ ತೋಳಿನ ಮೇಲೆ ಗದ್ದ ಇಟ್ಟುಕೊಂಡಿತು. ಅಷ್ಟರಲ್ಲೇ ಅವರ ಬಿಳಿ ಅಂಗಿ ಒದ್ದೆಯಾಯಿತು. ಅವರು ಏನೂ ಆಗದವರಂತೆ ನಡೆದು ಹೋಗಿ ಆಟೋ ಹತ್ತಿದರು.

ಮೇಕೆ ಎರಡು ದಿನ ಒರಲಿ ಸುಮ್ಮನಾಯಿತು. ಮಾರನೆಯ ವಾರ ಆ ಕೋಣೆಗೆ ಮೂರು ಬೆಕ್ಕಿನ ಮರಿಗಳು ಬಂದವು.

ಜನವರಿಯಲ್ಲಿ ಒಂದು ಮಧ್ಯಾಹ್ನ ಆಫೀಸಿನ ಫೋನು ಹೊಡೆದುಕೊಂಡಿತು. ಗೋವಿಂದಯ್ಯ ಎತ್ತಿ, "ನಿನಗೆ" ಎಂದು ದುರ್ಗಮ್ಮನ ಕಡೆ ಚಾಚಿದರು. ಅವಳಿಗೆ ಅಲ್ಲಿಗೆ ಫೋನು ಮಾಡುವವರು ಯಾರೂ ಇರಲಿಲ್ಲ. ಸೌಟು ಹಿಡಿದುಕೊಂಡೇ ಬಂದಳು.

"ಬೆಳಿಗ್ಗೆ ಹೋಯ್ತು ದುರ್ಗಮ್ಮ" ಎಂದರು ಸುಭದ್ರಮ್ಮ. "ರಾತ್ರಿ ಮಲಗಿದ್ದು ಎದ್ದೇ ಇಲ್ಲ. ನರಳಲೂ ಇಲ್ಲ. ಹಿತ್ತಲಲ್ಲಿ ಮಣ್ಣು ಮಾಡಿದ್ವಿ. ಅಮೂಲ್ಯ ಮೊನ್ನೆ ಸಂಕ್ರಾಂತಿಗೆ ಬಂದಿದ್ಲು, ನೋಡಿದ್ಲು. ಅಷ್ಟಾಯ್ತು."

"ಒಳ್ಳೇದಾಯ್ತು ಅಮ್ಮ."

"ಮನೆಗೆ ಬಂದ ಮೇಲೆ ಒಂದು ವಾರ ಮೊಸರನ್ನ ಮೂಸ್ಲೇ ಇಲ್ಲ ಅದು. ನೀವು ಏನು ಹಾಕ್ತಿದ್ರಿ ಅಂತ ನನಗೆ ಅರ್ಥ ಆಯ್ತು, ಬಿಡಿ. ಕೊನೆಗೆ ಇವರೇ ಹೋಗಿ ಮೊಟ್ಟೆ ತಂದ್ರು. ನಮ್ಮ ಮನೇಲಿ ಯಾವತ್ತೂ ಬಂದಿದ್ದಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ತಾವೇ ಬೇಯಿಸಿ, ಸಿಪ್ಪೆ ಬಿಡಿಸಿ ಹಾಕೋರು, ದಿನಾ. ಅಕ್ಕಪಕ್ಕದವರಿಗೆ ಕಾಣದ ಹಾಗೆ." ಸುಭದ್ರಮ್ಮನ ದನಿ ನಗುವಂತಾಗಿ, ಅಳುವಂತಾಗಿ ನಿಂತಿತು. "ನೀವು ಅವತ್ತು ಬರಬೇಡಿ ಅಂದದ್ದಕ್ಕೆ ತುಂಬ ಸಿಟ್ಟು ಬಂದಿತ್ತು ನಮಗೆ. ಅದನ್ನೂ ಹೇಳೋಣ ಅಂತ ಫೋನು ಮಾಡಿದೆ."

ಶೆಡ್ಡಿನ ಆ ತುದಿಯಲ್ಲಿ ನಾಯಿಗಳು ಊಟದ ಹೊತ್ತಿಗೆ ಗಲಾಟೆ ಶುರುಮಾಡಿದ್ದವು. ಸೌಟಿನಿಂದ ಗಂಜಿ ತೊಟ್ಟಿಕ್ಕುತ್ತಿತ್ತು.

"ಊಟ ಆಯ್ತಾ ಅಮ್ಮ?" ಎಂದು ಕೇಳಿದಳು.

"ಇಲ್ಲ. ಒಲೆ ಹಚ್ಚೋ ಮನಸ್ಸೇ ಆಗಲಿಲ್ಲ."

"ಏನಾದ್ರೂ ಮಾಡ್ಕೊಂಡು ತಿನ್ನಿ. ಸಾರ್‌ಗೂ ಬಡಿಸಿ."

ಫೋನು ಇಟ್ಟು, ಸೊಂಟಕ್ಕೆ ಕೈಕೊಟ್ಟು ಒಂದು ಗಳಿಗೆ ನಿಂತಳು. ಆಮೇಲೆ ಹಂಡೆಯ ಕಡೆ ನಡೆದಳು. ಗಂಜಿ ತಳ ಹಿಡಿಯುತ್ತಿತ್ತು.